ಸೈಕಲ್ ಫ್ರೇಮಿಗೆ ಮನೆಮದ್ದು: ಎಲ್ಲ ಗಾಯಕ್ಕೂ ಹಳೇ ಟ್ಯೂಬ್ ಆಗಲ್ಲ

ಮೊದಲ ಮೌಂಟನ್ ಬೈಕ್ ತಂದ ವಾರವೇ ನಾನು ಅದಕ್ಕೆ ಹಳೇ ಟ್ಯೂಬ್ ಸುತ್ತಿದ್ದೆ. ಪಂಕ್ಚರ್ ಅಂಗಡಿಯಲ್ಲಿ ಬಿಟ್ಟಿ ಸಿಕ್ಕ ಟ್ಯೂಬ್, ನಾಲ್ಕೈದು ಕೇಬಲ್ ಟೈ, ಹತ್ತು ನಿಮಿಷದ ಕೆಲಸ. ಚೈನ್ ಪಕ್ಕದ ಪೈಪಿಗೆ ಸುತ್ತಿ ಮುಗಿದರೂ ಟ್ಯೂಬ್ ಉಳಿದಿತ್ತು. ಸುಮ್ನೆ ಯಾಕೆ ಬಿಡೋದು ಅಂತ ಕೆಳಗಿನ ದಪ್ಪ ಪೈಪಿಗೂ ಸುತ್ತಿದೆ. ಒಂದು ಮಳೆಗಾಲ ಪೂರ್ತಿ ಹಾಗೇ ಓಡಿಸಿದೆ. ಆಯುಧಪೂಜೆಗೆ ಸೈಕಲ್ ತೊಳೆಯಲು ಕೂತಾಗ ಟೈ ಕತ್ತರಿಸಿ ಬಿಚ್ಚಿ ನೋಡಿದರೆ, ಒಳಗೆ ಕೆಂಪು ಮಣ್ಣಿನ ಹದವಾದ ಪೇಸ್ಟು. ಒರೆಸಿದ ಮೇಲೆ ಇನ್ನೂ ಬೇಜಾರು. ಬಣ್ಣವನ್ನು ಯಾರೋ ಎಮ್ರಿ ಪೇಪರ್ ಹಾಕಿ ಉಜ್ಜಿದಂತೆ ಮಂಕಾಗಿತ್ತು. ಕೇಬಲ್ ಟೈ ಬಿಗಿದಿದ್ದ ಕಡೆಯಲ್ಲೆಲ್ಲ ಬಳೆ ಹಾಕಿದಂತೆ ಗೆರೆ, ಎರಡು ಕಡೆ ಬೆಳ್ಳಗೆ ಲೋಹವೇ ಕಾಣುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಯಾಕೆ ಹೀಗಾಯಿತು ಅನ್ನುವುದು ಆಮೇಲೆ ಅರ್ಥವಾಯಿತು. ನಮ್ಮ ಮಣ್ಣಿನಲ್ಲಿ ಸ್ಫಟಿಕದ, ಅಂದರೆ ಕ್ವಾರ್ಟ್ಸ್ ಅನ್ನುವ ಖನಿಜದ, ಸಣ್ಣ ಸಣ್ಣ ಹರಳು ಧಾರಾಳವಾಗಿ ಇರುತ್ತದೆ. ಗ್ರಾನೈಟ್ ಬಂಡೆ ಸವೆದು ಪುಡಿಯಾದಾಗ ಉಳಿಯುವುದು ಅದೇ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10 ಅಂಕ, ಕ್ವಾರ್ಟ್ಸಿಗೆ 7. ಅಲ್ಯೂಮಿನಿಯಂಗೆ 3ಕ್ಕಿಂತಲೂ ಕಡಿಮೆ. ಅದರ ಮೇಲಿನ ಬಣ್ಣದ ಮಾತು ಕೇಳಲೇಬೇಡಿ. ಸುತ್ತಿದ ಟ್ಯೂಬಿನ ಪದರಗಳ ನಡುವೆ ನೀರು, ಮಣ್ಣು ಸಲೀಸಾಗಿ ನುಗ್ಗುತ್ತದೆ. ಹೊರಗೆ ಬರುವ ದಾರಿ ಇಲ್ಲ. ಪ್ರತಿ ಕುಲುಕಾಟಕ್ಕೂ ರಬ್ಬರ್ ಕೂದಲೆಳೆಯಷ್ಟು ಅತ್ತಿತ್ತ ಸರಿಯುತ್ತದೆ. ನೀರು, ಮರಳು, ಅಲುಗಾಟ ಮೂರೂ ಒಂದೇ ಕಡೆ ಸೇರಿದರೆ ಅದು ಸಾಣೆ ಹಿಡಿದಂತೆಯೇ. ನಾನು ಫ್ರೇಮಿಗೆ ಕಟ್ಟಿದ್ದು ಕವಚ ಅಲ್ಲ, ಸಾಣೆ.

ಅದಕ್ಕೇ ಮನೆಯಲ್ಲೇ ಫ್ರೇಮ್ ಕಾಪಾಡುವ ಕೆಲಸಕ್ಕೆ ಇಳಿಯುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಈ ಜಾಗಕ್ಕೆ ಬೀಳುತ್ತಿರುವುದು ಎಂಥ ಪೆಟ್ಟು? ನಾನು ಹಚ್ಚುವ ವಸ್ತುವಿನ ಕೆಳಗೆ ಏನು ಸಿಕ್ಕಿಹಾಕಿಕೊಳ್ಳುತ್ತದೆ? ವಸ್ತು ದುಬಾರಿಯೋ ಅಗ್ಗವೋ ಅನ್ನುವುದು ಮೂರನೇ ಮಾತು.

ಎಲ್ಲಿ, ಎಂಥ ಪೆಟ್ಟು

ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಬಿಸಿಲಲ್ಲಿ ಒಮ್ಮೆ ಪೂರ್ತಿ ನೋಡಿ. ಆರು ತಿಂಗಳು ಓಡಿದ ಸೈಕಲ್ ಆದರೆ ಅದೇ ಎಲ್ಲವನ್ನೂ ಹೇಳುತ್ತದೆ. ಮುಂದಿನ ಚಕ್ರದ ಹಿಂದಿರುವ ಇಳಿಜಾರು ಪೈಪು, ಅದು ಡೌನ್ ಟ್ಯೂಬ್. ಅದರ ಹೊಟ್ಟೆಯ ಭಾಗದಲ್ಲಿ ಚುಕ್ಕೆ ಚುಕ್ಕೆ ಬಣ್ಣ ಹಾರಿರುತ್ತದೆ. ಅದು ಕಲ್ಲಿನ ಏಟು. ಪೆಡಲ್ಲಿನಿಂದ ಹಿಂದಿನ ಚಕ್ರದ ನಟ್ಟಿನವರೆಗೆ ಹೋಗುವ ತೆಳು ಪೈಪು ಚೈನ್‌ಸ್ಟೇ. ಅದರ ಮೇಲ್ಭಾಗದಲ್ಲಿ ಸಾಲಾಗಿ ಕಚ್ಚಿದ ಗುರುತು. ಅದು ಚೈನಿನ ಬಡಿತ. ಹ್ಯಾಂಡಲ್ ಕೆಳಗೆ ಹೆಡ್ ಟ್ಯೂಬಿನ ಎರಡೂ ಪಕ್ಕ ಅರ್ಧಚಂದ್ರದ ಆಕಾರದ ಮಂಕು ಕಲೆ. ಅದು ಕೇಬಲ್ಲಿನ ಉಜ್ಜಾಟ. ಹಿಮ್ಮಡಿ ತಾಗುವ ಕಡೆ ಶೂ ಉಜ್ಜಿ ಹೊಳಪು ಹೋಗಿರುತ್ತದೆ. ಏಟು, ಬಡಿತ, ಉಜ್ಜಾಟ: ಮೂರರ ಸ್ವಭಾವವೂ ಬೇರೆ.

ಕಲ್ಲಿನ ಏಟು ನಾವು ಅಂದುಕೊಂಡದ್ದಕ್ಕಿಂತ ಜೋರು. ಉರುಳುವ ಚಕ್ರದ ಹಿಂಭಾಗ ಮೇಲಕ್ಕೆ ಏಳುತ್ತಾ ಹೋಗುತ್ತದೆ. ಟೈರಿನ ಗಂಟುಗಳ ನಡುವೆ ಸಿಕ್ಕ ಕಲ್ಲು ಅಲ್ಲಿಂದ ಕಳಚಿ ಸೀದಾ ಡೌನ್ ಟ್ಯೂಬಿನ ಹೊಟ್ಟೆಗೆ, ಇಲ್ಲವೇ ಪೆಡಲ್ಲಿನ ಅಚ್ಚು ಕೂರುವ ಪೆಡಲ್ ಗೂಡಿಗೆ ಹಾರುತ್ತದೆ. ಸೈಕಲ್ ಎಷ್ಟು ವೇಗದಲ್ಲಿ ಹೋಗುತ್ತಿದೆಯೋ, ಕಲ್ಲು ಕಳಚುವಾಗ ಫ್ರೇಮಿನ ಲೆಕ್ಕದಲ್ಲಿ ಅದರ ವೇಗವೂ ಹೆಚ್ಚುಕಡಿಮೆ ಅಷ್ಟೇ. ಗಂಟೆಗೆ 30 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 8.3 ಮೀಟರ್. ಮೂರೂವರೆ ಮೀಟರ್ ಎತ್ತರದಿಂದ ಕೈಬಿಟ್ಟ ಕಲ್ಲು ನೆಲಕ್ಕೆ ಬೀಳುವ ವೇಗವೂ ಅದೇ. ಅಂದರೆ ಮೊದಲ ಮಹಡಿಯ ಬಾಲ್ಕನಿಯಿಂದ ಒಬ್ಬರು ನಿಮ್ಮ ಫ್ರೇಮಿನ ಮೇಲೆ ಕಲ್ಲು ಹಾಕುತ್ತಿದ್ದಾರೆ ಅಂದುಕೊಳ್ಳಿ. ಇಳಿಜಾರಿನಲ್ಲಿ 40 ಮುಟ್ಟಿದರೆ ಆ ಎತ್ತರ ಆರು ಮೀಟರ್ ದಾಟುತ್ತದೆ, ಎರಡನೇ ಮಹಡಿ. ವೇಗ ಸ್ವಲ್ಪ ಹೆಚ್ಚಿದರೂ ಏಟು ಜಾಸ್ತಿ ಹೆಚ್ಚುತ್ತದೆ, ಯಾಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸಮಾಧಾನದ ಮಾತು. ಅಲ್ಯೂಮಿನಿಯಂ ಫ್ರೇಮಿನ ಮೇಲೆ ಬಣ್ಣ ಚುಕ್ಕೆ ಚುಕ್ಕೆಯಾಗಿ ಹಾರಿದರೆ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಗಾಳಿ ತಾಗಿದ ಕೂಡಲೇ ಆ ಲೋಹ ತಾನೇ ತೆಳು ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ, ಕಬ್ಬಿಣದ ಹಾಗೆ ತುಕ್ಕು ಹಿಡಿದು ಉದುರುವುದಿಲ್ಲ. ಉಕ್ಕಿನ ಫ್ರೇಮ್ ಆದರೆ ಆ ಚುಕ್ಕೆಯನ್ನು ಹಾಗೇ ಬಿಡಬೇಡಿ. ಒರೆಸಿ, ಒಣಗಿಸಿ, ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಹನಿ ಹಚ್ಚಿದರೂ ಸದ್ಯಕ್ಕೆ ಸಾಕು. ಹೆದರಬೇಕಾದ್ದು ಆಳವಾದ ಗೀರಿಗೆ, ಅದರಲ್ಲೂ ವೆಲ್ಡಿಂಗ್ ಹತ್ತಿರದ ಗೀರಿಗೆ. ಉಕ್ಕು ಒಂದು ಮಿತಿಯೊಳಗಿನ ಭಾರವನ್ನು ಎಷ್ಟು ಸಲ ಹಾಕಿದರೂ ತಡೆಯುತ್ತದೆ. ಅಲ್ಯೂಮಿನಿಯಂಗೆ ಅಂಥ ಖಚಿತ ಮಿತಿ ಇಲ್ಲ. ಪ್ರತಿ ಕುಲುಕಾಟವೂ ಅದರ ಲೆಕ್ಕಕ್ಕೆ ಸೇರುತ್ತದೆ. ಆಳದ ಗೀರು ಇದ್ದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಹೆಲಿಕಾಪ್ಟರಿನಿಂದ ಬಂದ ಸ್ಟಿಕ್ಕರ್

ಸಣ್ಣ ಕಲ್ಲು ಮತ್ತು ಉಜ್ಜಾಟ ಎರಡಕ್ಕೂ ಒಳ್ಳೆಯ ಮದ್ದು ಪಾರದರ್ಶಕ ಪಾಲಿಯುರೆಥೇನ್ ಫಿಲ್ಮ್. ಸೈಕಲ್ ಜನ ಇದನ್ನು ಈಗಲೂ ಹೆಲಿಕಾಪ್ಟರ್ ಟೇಪ್ ಅನ್ನುತ್ತಾರೆ. ಹೆಸರು ಸುಮ್ನೆ ಬಂದದ್ದಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಹೆಲಿಕಾಪ್ಟರುಗಳ ರೆಕ್ಕೆಯ ಅಂಚು ಮರಳು, ಧೂಳು ಬಡಿದು ಬೇಗ ಸವೆಯುತ್ತಿತ್ತು. ಅದನ್ನು ತಡೆಯಲು ತ್ರೀಎಂ ಕಂಪನಿ ಇಂಥ ಟೇಪು ಮಾಡಿತು. ಅಲ್ಲಿಂದ ಅದು ರೇಸ್ ಕಾರಿಗೆ, ಆಮೇಲೆ ಮನೆ ಕಾರಿಗೆ ಬಂತು. ಇವತ್ತು ಹೊಸ ಕಾರಿಗೆ ಹಾಕಿಸುವ ಪಿಪಿಎಫ್, ಅಂದರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್ ಕೂಡ ಇದೇ ವಂಶದ್ದು.

ಇದರ ಗುಟ್ಟು ಗಡಸುತನ ಅಲ್ಲ, ಹಿಗ್ಗಿ ಮತ್ತೆ ಕುಗ್ಗುವ ಗುಣ. ಕಲ್ಲು ಬಿದ್ದಾಗ ಫಿಲ್ಮ್ ಒಂದು ಕ್ಷಣ ತಗ್ಗಿ ಏಟನ್ನು ಅಕ್ಕಪಕ್ಕಕ್ಕೆ ಹಂಚುತ್ತದೆ, ಆಮೇಲೆ ತನ್ನ ಜಾಗಕ್ಕೆ ಮರಳುತ್ತದೆ. ಮೈಪೂರ್ತಿ ಅಂಟಿಕೊಂಡಿರುವುದರಿಂದ ಕೆಳಗೆ ಮಣ್ಣು ನುಗ್ಗಲು ಸಂದಿಯೇ ಇಲ್ಲ. ನನ್ನ ಟ್ಯೂಬ್ ಸೋತದ್ದು ಇಲ್ಲೇ. ಸ್ಕೂಟರಿಗೆ ರೇಡಿಯಂ ಅಂಗಡಿಯಲ್ಲಿ ಹಾಕುವ ವಿನೈಲ್ ಸ್ಟಿಕ್ಕರ್ ನೋಡಲು ಹೀಗೇ ಇದ್ದರೂ ಬೇರೆ ಜಾತಿ. ಅದು ಪಿವಿಸಿ, ತೆಳು. ಗೀರು ತಡೆಯಬಹುದು, ಕಲ್ಲಿನ ಏಟು ತಡೆಯಲ್ಲ. ಅಂಗಡಿಯಲ್ಲಿ ಎರಡರಲ್ಲಿ ಯಾವುದು ಅಂತ ಅನುಮಾನ ಬಂದರೆ ಒಂದು ತುಂಡು ಕೈಯಲ್ಲಿ ಹಿಡಿದು ಎಳೆದು ನೋಡಿ. ಪಾಲಿಯುರೆಥೇನ್ ರಬ್ಬರಿನಂತೆ ಉದ್ದಕ್ಕೆ ಬಂದು ಹೆಚ್ಚುಕಡಿಮೆ ಮೊದಲಿನಂತಾಗುತ್ತದೆ. ವಿನೈಲ್ ಎಳೆದಲ್ಲೇ ಸೋತು ನಿಲ್ಲುತ್ತದೆ.

ಹೊಸ ರೋಲ್ ಕೊಳ್ಳಲು ಹೋಗಬೇಡಿ. ಕಾರಿಗೆ ಪಿಪಿಎಫ್ ಹಾಕುವ ಕಡೆ ಬಾನೆಟ್ಟು, ಬಾಗಿಲು ಕತ್ತರಿಸಿ ಉಳಿದ ಅಂಚಿನ ತುಂಡುಗಳು ಕಸದ ಬುಟ್ಟಿಗೆ ಹೋಗುತ್ತವೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ, ಬೇರೆ ಊರಿನಲ್ಲೂ ಕಾರ್ ಡೆಕೋರ್ ಅಂಗಡಿಗೆ ಬರವಿಲ್ಲ. ಒಂದು ಅಡಿ ಅಗಲ, ಎರಡು ಅಡಿ ಉದ್ದದ ತುಂಡು ಕೇಳಿ ನೋಡಿ. ನನಗೆ ಕೊಟ್ಟ ಹುಡುಗ ದುಡ್ಡೇ ತೆಗೆದುಕೊಳ್ಳಲಿಲ್ಲ, ಸೈಕಲ್ಲಿಗೆ ಯಾಕ್ ಸಾರ್ ಇದು ಅಂತ ನಕ್ಕ. ಸಣ್ಣ ತುಂಡು ಸಾಕು ಅನ್ನುವವರಿಗೆ ಇನ್ನೊಂದು ದಾರಿ ಇದೆ. ಮೊಬೈಲ್ ಅಂಗಡಿಯಲ್ಲಿ ಮೆಷಿನ್ನಿನಿಂದ ಕತ್ತರಿಸಿ ಹಾಕುವ ಮೆತ್ತನೆಯ ಹೈಡ್ರೋಜೆಲ್ ಸ್ಕ್ರೀನ್ ಗಾರ್ಡ್ ಸಾಮಾನ್ಯವಾಗಿ ಪಾಲಿಯುರೆಥೇನ್ ಕುಲದ್ದೇ. ಕೇಬಲ್ ಉಜ್ಜುವ ಜಾಗಕ್ಕೆ ಅದರ ಚೂರು ಬೇಕಾದಷ್ಟಾಯಿತು.

ತೂಕ ಜಾಸ್ತಿಯಾಗುತ್ತೆ ಅಂತ ಹಿಂಜರಿಯುವವರಿಗೆ ಒಂದು ಲೆಕ್ಕ. ಡೌನ್ ಟ್ಯೂಬಿನ ಹೊಟ್ಟೆಗೆ 70 ಸೆಂಟಿಮೀಟರ್ ಉದ್ದ, 12 ಸೆಂಟಿಮೀಟರ್ ಅಗಲದ ಫಿಲ್ಮ್ ಬೇಕು ಅಂದುಕೊಳ್ಳಿ. ದಪ್ಪ 0.2 ಮಿಲಿಮೀಟರ್. ಒಟ್ಟು 20 ಗ್ರಾಂ ಆಸುಪಾಸು. ಬಾಟಲಿಯಲ್ಲಿ ನಾಲ್ಕು ಚಮಚ ನೀರು ಕಡಿಮೆ ತುಂಬಿಕೊಂಡರೆ ಸರಿಹೋಯಿತು.

ಅಂಟಿಸುವುದೇ ಅರ್ಧ ಕೆಲಸ

ಫಿಲ್ಮ್ ಕೆಟ್ಟಿತು ಅನ್ನುವವರಲ್ಲಿ ಹೆಚ್ಚಿನವರು ಅಂಟಿಸುವಾಗ ಎಡವಿದವರು. ಮೊದಲು ಸೈಕಲ್ ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಿ. ಕಣ್ಣಿಗೆ ಕಾಣದ ಜಿಡ್ಡು ತೆಗೆಯಲು ಐಸೊಪ್ರೊಪೈಲ್ ಆಲ್ಕೋಹಾಲ್ ಒಳ್ಳೆಯದು. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಕೋವಿಡ್ ಕಾಲದ ಸ್ಯಾನಿಟೈಸರ್ ಜೆಲ್ ಮನೆಯಲ್ಲಿ ಬಿದ್ದಿದ್ದರೂ ಇದಕ್ಕೆ ಬೇಡ, ಅದರಲ್ಲಿ ಕೈ ಒಣಗದಿರಲಿ ಅಂತ ಗ್ಲಿಸರಿನ್‌ನಂಥ ಪದಾರ್ಥ ಸೇರಿಸಿರುತ್ತಾರೆ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಹತ್ತಿರವೂ ತರಬೇಡಿ, ಜಿಡ್ಡಿನ ಜೊತೆ ಬಣ್ಣವೂ ಬರುತ್ತದೆ.

ಹಳೇ ಪೇಪರನ್ನು ಪೈಪಿಗೆ ಸುತ್ತಿ ಪೆನ್ಸಿಲ್ಲಿನಲ್ಲಿ ಅಳತೆ ಗುರುತು ಮಾಡಿಕೊಳ್ಳಿ. ದರ್ಜಿ ಬಟ್ಟೆಗೆ ಮಾಡುವುದೂ ಇದನ್ನೇ ತಾನೇ. ಆ ಅಳತೆ ಇಟ್ಟು ಫಿಲ್ಮನ್ನು ಮೇಜಿನ ಮೇಲೆ ಕತ್ತರಿಸಿ. ಫ್ರೇಮಿನ ಮೇಲೆ ಅಂಟಿಸಿ ಆಮೇಲೆ ಬ್ಲೇಡ್ ಹಾಕಿ ಟ್ರಿಮ್ ಮಾಡೋಣ ಅನ್ನುವ ಆಸೆ ಬೇಡವೇ ಬೇಡ. ಕಾರ್ಬನ್ ಫ್ರೇಮ್ ಆದರಂತೂ ಆ ಒಂದು ಗೆರೆಯೇ ನೀವು ತಡೆಯಲು ಹೊರಟ ಎಲ್ಲ ಕಲ್ಲಿಗಿಂತ ಕೆಟ್ಟದ್ದು. ಮೂಲೆ ಚೂಪಾಗಿ ಬಿಡಬೇಡಿ. ಒಂದು ರೂಪಾಯಿ ನಾಣ್ಯ ಇಟ್ಟು ಗೆರೆ ಎಳೆದು ದುಂಡಗೆ ಕತ್ತರಿಸಿ. ಚೂಪು ಮೂಲೆ ಮೊದಲು ಏಳುತ್ತದೆ, ಅಲ್ಲಿಂದ ಮಣ್ಣು ಒಳಗೆ ಹೋಗುತ್ತದೆ.

ಇನ್ನು ನೀರಿನ ಉಪಾಯ. ಅರ್ಧ ಲೀಟರ್ ನೀರಿಗೆ ನಾಲ್ಕೈದು ಹನಿ ಬೇಬಿ ಶಾಂಪೂ ಹಾಕಿ ಸ್ಪ್ರೇ ಬಾಟಲಿಗೆ ತುಂಬಿ. ಫ್ರೇಮಿಗೆ, ಫಿಲ್ಮಿನ ಎರಡೂ ಮುಖಕ್ಕೆ, ನಿಮ್ಮ ಬೆರಳಿಗೂ ಧಾರಾಳವಾಗಿ ಹೊಡೆಯಿರಿ. ಸೋಪಿನ ನೀರು ಇರುವವರೆಗೆ ಅಂಟು ಹಿಡಿಯುವುದಿಲ್ಲ, ಫಿಲ್ಮನ್ನು ಆಚೀಚೆ ಜಾರಿಸಿ ಸರಿ ಮಾಡಿಕೊಳ್ಳಬಹುದು. ಜಾಗಕ್ಕೆ ಕೂತ ಮೇಲೆ ನಡುವಿನಿಂದ ಅಂಚಿನ ಕಡೆಗೆ ನೀರನ್ನು ತಳ್ಳುತ್ತಾ ಬನ್ನಿ. ಹಳೇ ಎಟಿಎಂ ಕಾರ್ಡಿಗೆ ಬನಿಯನ್ ಬಟ್ಟೆ ಸುತ್ತಿದರೆ ಅದೇ ಒಳ್ಳೆಯ ಸಾಧನ. ಅಂಚು ಹಿಡಿಯದಿದ್ದರೆ ಹೇರ್ ಡ್ರೈಯರ್ ಬಿಸಿ ತೋರಿಸಿ ಒತ್ತಿ. ಪೇಂಟ್ ಸುಲಿಯುವ ಹೀಟ್ ಗನ್ ಬೇಡ. ಧೂಳಿನ ಕಾಟ ಇದ್ದರೆ ಬಚ್ಚಲುಮನೆಯಲ್ಲಿ ಮಾಡಿ, ಫ್ಯಾನ್ ಹಾಕದೆ, ನೆಲಕ್ಕೆ ನೀರು ಹೊಡೆದು. ಮೇಲೆ ಹಾರಾಡುವ ಧೂಳು ಕೂರುತ್ತದೆ. ಆಮೇಲೆ ಒಂದು ದಿನ ಸೈಕಲ್ ಮುಟ್ಟಬೇಡಿ. ಇದೇ ಎಲ್ಲಕ್ಕಿಂತ ಕಷ್ಟದ ಹಂತ, ನನಗಂತೂ. ಒಳಗೆ ಉಳಿದ ಸಣ್ಣ ನೀರಿನ ಗುಳ್ಳೆ ಕೆಲವು ದಿನದಲ್ಲಿ ತಾನೇ ಹೋಗುತ್ತದೆ.

ಇಡೀ ಫ್ರೇಮಿಗೆ ಹೊದಿಸುವ ಹುಚ್ಚು ಕೆಲವರಿಗಿದೆ. ನನ್ನ ಮಟ್ಟಿಗೆ ಅದು ಸೋಫಾಗೆ ಪ್ಲಾಸ್ಟಿಕ್ ಕವರ್ ಬಿಟ್ಟಂತೆ. ಡೌನ್ ಟ್ಯೂಬ್ ಹೊಟ್ಟೆ, ಹೆಡ್ ಟ್ಯೂಬ್ ಪಕ್ಕ, ಹಿಮ್ಮಡಿ ತಾಗುವ ಜಾಗ, ಪೆಡಲ್ ಹಿಡಿದಿರುವ ಕ್ರ್ಯಾಂಕ್ ತೋಳಿನ ತುದಿ, ಇಷ್ಟು ಸಾಕು. ಮ್ಯಾಟ್ ಬಣ್ಣದ ಫ್ರೇಮಿಗೆ ಹೊಳೆಯುವ ಫಿಲ್ಮ್ ಹಾಕಿದರೆ ತೇಪೆ ಹಾಕಿದಂತೆ ಕಾಣುತ್ತದೆ, ಮ್ಯಾಟ್ ಫಿಲ್ಮೇ ಕೇಳಿ. ಫ್ರೇಮಿನ ಹೆಸರಿನ ಸ್ಟಿಕ್ಕರ್ ಬಣ್ಣದ ಕೋಟಿಂಗ್ ಮೇಲೆ ಇದ್ದರೆ ಅದರ ಮೇಲೆ ಹಚ್ಚಬೇಡಿ, ಮುಂದೆ ತೆಗೆಯುವಾಗ ಹೆಸರೂ ಕಿತ್ತು ಬರುತ್ತದೆ. ಪೆಡಲ್ ಗೂಡಿನ ಕೆಳಗೆ ಒಂದು ಸಣ್ಣ ತೂತು ಇದೆಯಾ ನೋಡಿ. ಒಳಗೆ ಸೇರಿದ ಮಳೆನೀರು ಹೊರಗೆ ಹೋಗಲು ಇಟ್ಟದ್ದು ಅದು. ಅದನ್ನು ಮುಚ್ಚಿದರೆ ಫ್ರೇಮಿನೊಳಗೆ ಕೆರೆ ಕಟ್ಟಿದಂತೆ. ಅಲ್ಲೇ ಪಕ್ಕದಲ್ಲಿ ಸಾಮಾನ್ಯವಾಗಿ ಫ್ರೇಮ್ ನಂಬರ್ ಕೊರೆದಿರುತ್ತಾರೆ. ಹೇಗೂ ಬಗ್ಗಿದ್ದೀರಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಸೈಕಲ್ ಕಳುವಾದರೆ ದೂರು ಕೊಡುವಾಗ ಬೇಕಾಗುತ್ತದೆ.

ದೊಡ್ಡ ಕಲ್ಲಿಗೆ ಎಣ್ಣೆ ಕ್ಯಾನ್

ಮುಷ್ಟಿಗಾತ್ರದ ಕಲ್ಲಿಗೆ, ಬಂಡೆ ಏರುವಾಗ ಪೆಡಲ್ ಗೂಡು ನೆಲಕ್ಕೆ ತಾಗುವುದಕ್ಕೆ 0.2 ಮಿಲಿಮೀಟರ್ ಫಿಲ್ಮ್ ಏನೂ ಮಾಡಲಾರದು. ಅಲ್ಲಿ ಬೇಕಾದದ್ದು ಹೆಲ್ಮೆಟ್ಟಿನ ಸೂತ್ರ: ಹೊರಗೆ ಗಟ್ಟಿ ಚಿಪ್ಪು, ಒಳಗೆ ಮೆತ್ತೆ. ಚಿಪ್ಪು ಏಟನ್ನು ಅಗಲಕ್ಕೆ ಹರಡುತ್ತದೆ, ಮೆತ್ತೆ ಅದನ್ನು ನುಂಗುತ್ತದೆ. ಬರೀ ಮೆತ್ತೆ ಇದ್ದರೆ ಚೂಪು ಕಲ್ಲು ಅದನ್ನು ತೂರಿ ಹೋಗುತ್ತದೆ. ಬರೀ ಚಿಪ್ಪು ಇದ್ದರೆ ಏಟು ಹಾಗೇ ಫ್ರೇಮಿಗೆ ದಾಟುತ್ತದೆ.

ಚಿಪ್ಪಿಗೆ ಅಡುಗೆ ಎಣ್ಣೆಯ ಐದು ಲೀಟರ್ ಕ್ಯಾನ್ ಚೆನ್ನಾಗಿ ಒದಗುತ್ತದೆ. ಅದರ ದುಂಡು ಮೂಲೆಯ ಭಾಗ ಪೈಪಿನ ಬಾಗಿಗೆ ಹೇಳಿ ಮಾಡಿಸಿದಂತೆ ಕೂರುತ್ತದೆ. ಮೆತ್ತೆಗೆ ಮಕ್ಕಳ ಸ್ಕೂಲ್ ಪ್ರಾಜೆಕ್ಟಿಗೆ ಸ್ಟೇಷನರಿ ಅಂಗಡಿಯಿಂದ ತರುವ ಫೋಮ್ ಶೀಟ್. ಕ್ಯಾನಿನ ಪ್ಲಾಸ್ಟಿಕ್ಕಿಗೆ ಯಾವ ಗೋಂದೂ ಗಟ್ಟಿಯಾಗಿ ಹಿಡಿಯಲ್ಲ, ಆದ್ದರಿಂದ ತೂತು ಮಾಡಿ ಕೇಬಲ್ ಟೈ ಹಾಕಿ. ತೂತು ಪ್ಲಾಸ್ಟಿಕ್ಕಿಗೆ, ಫ್ರೇಮಿಗಲ್ಲ! ಟೈ ಹಾದುಹೋಗುವ ಕಡೆ ಮೊದಲೇ ಫಿಲ್ಮಿನ ಪಟ್ಟಿ ಅಂಟಿಸಿದ್ದರೆ ನನ್ನ ಫ್ರೇಮಿಗೆ ಬಿದ್ದ ಬಳೆ ಗುರುತು ನಿಮ್ಮದಕ್ಕೆ ಬೀಳುವುದಿಲ್ಲ. ಕೆಳತುದಿಯಲ್ಲಿ ನೀರು ಹೋಗಲು ಸಂದಿ ಬಿಡಿ. ಈ ಕವಚ ಟ್ಯೂಬಿನ ತಮ್ಮನೇ, ಮಣ್ಣು ಸೇರಿಯೇ ಸೇರುತ್ತದೆ. ಅದಕ್ಕೇ ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಬೇಕು. ಬಿಚ್ಚುವ ಸೋಮಾರಿತನ ಇದ್ದರೆ ಕಟ್ಟಲೇಬೇಡಿ.

ಕಲ್ಲನ್ನು ಮೂಲದಲ್ಲೇ ತಡೆಯುವ ಉಪಾಯವೂ ಇದೆ. ಪಾರದರ್ಶಕ ಅಲ್ಲದ ದಪ್ಪ ಪ್ಲಾಸ್ಟಿಕ್ ಫೈಲಿನಿಂದ ಮುಂದಿನ ಫೋರ್ಕಿಗೆ ಸಣ್ಣ ಮಡ್‌ಗಾರ್ಡ್ ಕತ್ತರಿಸಿ ನಾಲ್ಕು ಟೈ ಹಾಕಿದರೆ ಕೆಸರು ಮುಖಕ್ಕೆ ಹಾರುವುದು ತಪ್ಪುತ್ತದೆ. ಅದರ ಬಾಲ ಹಿಂದಕ್ಕೆ ಉದ್ದ ಬಿಟ್ಟರೆ ಮೇಲಕ್ಕೆ ಹಾರುವ ಕಲ್ಲುಗಳಲ್ಲೂ ಒಂದಷ್ಟು ನಿಲ್ಲುತ್ತವೆ. ಕೆಳಗಿನಿಂದ ಪೆಡಲ್ ಗೂಡಿಗೆ ಹಾರುವುದು ಮಾತ್ರ ಹಾರಿಯೇ ಹಾರುತ್ತದೆ.

ಚೈನಿನ ತಮಟೆ

ಈ ವಿಷಯದಲ್ಲಿ ಜನ ಮದ್ದಿಗೆ ಓಡುತ್ತಾರೆ, ಕಾಯಿಲೆ ನೋಡುವುದಿಲ್ಲ. ಗುಂಡಿ ಹಾರಿದಾಗ ಸಡಿಲ ಚೈನ್ ಕುಣಿದು ಚೈನ್‌ಸ್ಟೇಗೆ ಬಡಿಯುತ್ತದೆ. ತೆಳು ಗೋಡೆಯ ಪೊಳ್ಳು ಪೈಪು ಆ ಬಡಿತವನ್ನು ತಮಟೆಯಂತೆ ದೊಡ್ಡದು ಮಾಡುತ್ತದೆ. ಮೊದಲು ಕೇಳಬೇಕಾದ ಪ್ರಶ್ನೆ, ಚೈನ್ ಯಾಕಿಷ್ಟು ಕುಣಿಯುತ್ತಿದೆ? 2011-12ರಿಂದೀಚೆಗೆ ಶಿಮಾನೋ ಮತ್ತು ಶ್ರ್ಯಾಮ್ ಕಂಪನಿಗಳು ಹಿಂದಿನ ಡಿರೈಲರಿನಲ್ಲಿ, ಅಂದರೆ ಗೇರ್ ಬದಲಿಸುವಾಗ ಚೈನನ್ನು ಸರಿಸುವ ಸಾಧನದಲ್ಲಿ, ಕ್ಲಚ್ ತಂದವು. ಅದು ಡಿರೈಲರ್ ತೋಳು ಮುಂದಕ್ಕೆ ಜಾರದಂತೆ ಬಿಗಿ ಹಿಡಿಯುತ್ತದೆ, ಚೈನ್ ಎಳೆದಂತೆಯೇ ಇರುತ್ತದೆ. ಹಲವು ಶಿಮಾನೋ ಡಿರೈಲರುಗಳಲ್ಲಿ ಈ ಕ್ಲಚ್ ಬಂದ್ ಮಾಡುವ ಪುಟ್ಟ ಗುಬುಟು ಇರುತ್ತದೆ. ಚಕ್ರ ಬಿಚ್ಚಲು ಅದನ್ನು ಬಂದ್ ಮಾಡಿ, ಮತ್ತೆ ಹಾಕಲು ಮರೆತು, ತಿಂಗಳುಗಟ್ಟಲೆ ಓಡಿಸಿ ಸದ್ದು ಸದ್ದು ಅಂತ ಗೊಣಗುವವರನ್ನು ನೋಡಿದ್ದೇನೆ. ಕನ್ನಡಿಯಲ್ಲೂ ಒಬ್ಬನನ್ನು ನೋಡಿದ್ದೇನೆ. ಚೈನ್ ಬೇಕಾದ್ದಕ್ಕಿಂತ ಉದ್ದ ಇದ್ದರೂ ಇದೇ ಪಾಡು. ಕ್ಲಚ್ ಇಲ್ಲದ ಮೂರು ಹಲ್ಲುಚಕ್ರದ ಹಳೇ ಸೈಕಲ್ಲಾದರೆ ಇಳಿಜಾರಿಗೆ ಮುಂಚೆ ಚೈನನ್ನು ಮುಂದುಗಡೆಯ ದೊಡ್ಡ ಹಲ್ಲುಚಕ್ರಕ್ಕೆ ಏರಿಸಿಕೊಳ್ಳಿ, ಡಿರೈಲರ್ ಚೈನನ್ನು ಇನ್ನಷ್ಟು ಬಿಗಿಯಾಗಿ ಎಳೆದು ಹಿಡಿಯುತ್ತದೆ.

ಇಷ್ಟಾದ ಮೇಲೆ ಹೊದಿಕೆ. ಇಲ್ಲಿ ತೆಳು ಫಿಲ್ಮ್ ಬಣ್ಣ ಉಳಿಸಬಹುದು, ಸದ್ದು ಉಳಿದೇ ಉಳಿಯುತ್ತದೆ. ಬೇಕಾದ್ದು ದಪ್ಪ, ಮೆತ್ತಗಿನ, ಮೈಗೆ ಅಂಟುವ ವಸ್ತು. ಮೌಂಟನ್ ಬೈಕ್ ಲೋಕದಲ್ಲಿ ಇದಕ್ಕೆ ಹೆಸರಾದದ್ದು ತ್ರೀಎಂನ 2228 ಅನ್ನುವ ರಬ್ಬರ್ ಮಾಸ್ಟಿಕ್ ಟೇಪು. ಅದು ಸೈಕಲ್ಲಿನ ವಸ್ತುವೇ ಅಲ್ಲ. ಕರೆಂಟಿನವರು ಕೇಬಲ್ ಜಾಯಿಂಟಿಗೆ ಒತ್ತಿ ಮುಚ್ಚುವ ಟೇಪು. 1.65 ಮಿಲಿಮೀಟರ್ ದಪ್ಪ, ಕೈಯಲ್ಲಿ ಒತ್ತಿದರೆ ಚಪಾತಿ ಹಿಟ್ಟಿನಂತೆ ಆಕಾರ ತಾಳುತ್ತದೆ. ಇದು ಸಿಗದಿದ್ದರೆ ದೊಡ್ಡ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಬಲ್ ಜಾಯಿಂಟಿಗೆ ಹಾಕುವ ದಪ್ಪ ರಬ್ಬರ್ ಟೇಪು ಕೇಳಿ. ಸಾಮಾನ್ಯ ಕಪ್ಪು ಇನ್ಸುಲೇಷನ್ ಟೇಪ್ ತಂದು ಸುತ್ತಿದರೆ ಬೇಸಿಗೆಯಲ್ಲಿ ಅಂಟು ಕರಗಿ ಜಾರುತ್ತದೆ, ಆ ಜಿಡ್ಡು ತೆಗೆಯಲು ಒಂದು ಭಾನುವಾರ ಬೇಕು.

2018ರ ಹೊತ್ತಿಗೆ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಸೈಕಲ್ಲಿನ ಚೈನ್‌ಸ್ಟೇ ಮೇಲೆ ಉಬ್ಬು ತಗ್ಗುಗಳಿರುವ ರಬ್ಬರ್ ಬಂತು. ಚೈನ್ ಚಪ್ಪಟೆ ರಬ್ಬರಿಗೆ ಒಟ್ಟಿಗೇ ಬಡಿಯುವ ಬದಲು ಉಬ್ಬುಗಳ ಮೇಲೆ ಬೀಳುತ್ತದೆ, ಉಬ್ಬು ಅಮುಕಿ ಏಟು ನಿಧಾನವಾಗುತ್ತದೆ, ಸದ್ದು ಸಾಯುತ್ತದೆ. ಇದನ್ನು ಮನೆಯಲ್ಲಿ ಮಾಡುವುದು ಸುಲಭ. ಮಾಸ್ಟಿಕ್ ಟೇಪಿನ ಒಂದು ಸೆಂಟಿಮೀಟರ್ ಅಗಲದ ಚೂರುಗಳನ್ನು ಅಷ್ಟಷ್ಟೇ ದೂರ ಬಿಟ್ಟು ಚೈನ್‌ಸ್ಟೇ ಮೇಲೆ ಸಾಲಾಗಿ ಅಂಟಿಸಿ. ಅವುಗಳ ಮೇಲೆ ಉದ್ದನೆಯ ಒಂದು ಪಟ್ಟಿ ಹಾಸಿ, ಸಂದಿಗಳಲ್ಲಿ ಬೆರಳಿನಿಂದ ಒತ್ತಿ ಕೂರಿಸಿ. ರೊಟ್ಟಿಯ ಅಂಚು ಒತ್ತಿದಂತೆ ಅಂಚುಗಳನ್ನು ತೆಳ್ಳಗೆ ಮಾಡಿ ಮುಗಿಸಿ. ಇನ್ನೂ ಅಗ್ಗದ ದಾರಿ ಬೇಕೆಂದರೆ ಟೈಲರಿಂಗ್ ಸಾಮಾನಿನ ಅಂಗಡಿಯ ಅಂಟಿರುವ ವೆಲ್ಕ್ರೋ, ಅದರ ಮೆತ್ತನೆಯ ಕಡೆ ಮಾತ್ರ. ಸದ್ದನ್ನು ಚೆನ್ನಾಗಿ ನುಂಗುತ್ತದೆ, ಚೈನಿನ ಎಣ್ಣೆಯನ್ನೂ ನುಂಗುತ್ತದೆ. ವರ್ಷಕ್ಕೆರಡು ಸಲ ಬದಲಿಸಿದರಾಯಿತು.

ಒಂದು ಎಚ್ಚರಿಕೆ. ದಪ್ಪ ಹಾಕುವ ಮುಂಚೆ ಸಂದಿ ನೋಡಿ. ಮುಂದಿನ ಹಲ್ಲುಚಕ್ರಕ್ಕೂ ಚೈನ್‌ಸ್ಟೇಗೂ ನಡುವೆ ಕೆಲವೇ ಮಿಲಿಮೀಟರ್ ಇರುತ್ತದೆ, ಜೋರಾಗಿ ತುಳಿದಾಗ ಫ್ರೇಮ್ ಸ್ವಲ್ಪ ಬಾಗುತ್ತದೆ ಕೂಡ. ಟೈರಿನ ಕಡೆಯೂ ಹಾಗೇ, ಕೆಸರಿಗೆ ಜಾಗ ಬಿಡಬೇಕು. ಅದೇ ಸಂದಿಯಲ್ಲಿ ಇನ್ನೊಂದು ಅಪಾಯ ಇದೆ. ಕೆಸರು ತುಂಬಿ ಒಣಗಿದ ಚೈನ್ ಹಲ್ಲು ಬಿಡದೆ ಮೇಲಕ್ಕೆ ಸುತ್ತಿಕೊಂಡು ಫ್ರೇಮಿಗೂ ಹಲ್ಲುಚಕ್ರಕ್ಕೂ ನಡುವೆ ಸಿಕ್ಕಿಕೊಂಡರೆ, ಒಂದೇ ತುಳಿತಕ್ಕೆ ಅಲ್ಯೂಮಿನಿಯಂ ಕೊರೆದು ಹೋಗುತ್ತದೆ. ಇದಕ್ಕೆ ರಬ್ಬರ್ ಉಪಯೋಗವಿಲ್ಲ, ತೆಳು ಸ್ಟೀಲ್ ತಗಡನ್ನು ಡಬಲ್ ಟೇಪಿನಲ್ಲಿ ಅಂಟಿಸುತ್ತಾರೆ. ಅದಕ್ಕಿಂತ ಚೈನ್ ತೊಳೆದು ಎಣ್ಣೆ ಬಿಡುವುದು ಒಳ್ಳೆಯದು.

ಕೇಬಲ್ ಉಜ್ಜಾಟಕ್ಕೆ ಹೆಚ್ಚು ಹೇಳುವುದಿಲ್ಲ. ಫ್ರೇಮಿಗೆ ಫಿಲ್ಮಿನ ಚೂರು, ಕೇಬಲ್ಲಿಗೆ ಅಕ್ವೇರಿಯಂನ ಗಾಳಿ ಪೈಪು. ಆ ಪೈಪಿನ ಒಳಅಳತೆ ಸಾಮಾನ್ಯವಾಗಿ 4 ಮಿಲಿಮೀಟರ್, ಗೇರ್ ಕೇಬಲ್ಲಿನ ಹೊರಕವಚವೂ 4. ಎರಡು ಇಂಚು ಕತ್ತರಿಸಿ ಉದ್ದಕ್ಕೆ ಸೀಳಿ ಮೇಲೆ ಹಾಕಿದರೆ ಕಚ್ಚಿ ಕೂರುತ್ತದೆ. 5 ಮಿಲಿಮೀಟರಿನ ಬ್ರೇಕ್ ಪೈಪಿಗೆ ಸ್ವಲ್ಪ ಬಾಯಿ ಬಿಟ್ಟುಕೊಂಡರೂ ಕೆಲಸ ಮಾಡುತ್ತದೆ.

ಕಾರ್ಬನ್ ಇದ್ದವರಿಗೆ

ಕಾರ್ಬನ್ ಫ್ರೇಮಿನ ತಾಪತ್ರಯ ಬೇರೆ. ಲೋಹಕ್ಕೆ ಏಟು ಬಿದ್ದರೆ ತಗ್ಗಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಅಂದರೆ ರಾಳದಲ್ಲಿ ಅಂಟಿಸಿದ ನೂಲಿನ ಪದರಗಳು. ಹೊರಗೆ ಒಂದು ಸಣ್ಣ ಗೆರೆ ಅಷ್ಟೇ ಕಾಣಬಹುದು, ಒಳಗೆ ಪದರಗಳು ಬಿಟ್ಟುಕೊಂಡಿರಬಹುದು. ಮಡಕೆ ಕೊಳ್ಳುವಾಗ ಬೆರಳಲ್ಲಿ ತಟ್ಟಿ ನೋಡುತ್ತೇವಲ್ಲ, ಹಾಗೇ ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ಜಾಗ ಟಕ್ ಟಕ್ ಅನ್ನುತ್ತದೆ. ಬಿಟ್ಟುಕೊಂಡ ಜಾಗ ಡಬ್ ಅಂತ ಮಂಕಾಗಿ ಕೇಳುತ್ತದೆ. ಪೈಪಿನ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ, ಹಾಗಾಗಿ ಸದ್ದೂ ಬದಲಾಗುತ್ತದೆ. ಎಡಗಡೆಯ ಜಾಗವನ್ನು ಬಲಗಡೆಯ ಅದೇ ಜಾಗದ ಜೊತೆ ಹೋಲಿಸಿ. ಅನುಮಾನ ಬಂದರೆ ಓಡಿಸುವುದು ನಿಲ್ಲಿಸಿ, ಕಾರ್ಬನ್ ರಿಪೇರಿ ಗೊತ್ತಿರುವವರಿಗೆ ತೋರಿಸಿ. ನಾಣ್ಯದ ಪರೀಕ್ಷೆ ಅನುಮಾನ ಹುಟ್ಟಿಸಬಲ್ಲದು, ಸರ್ಟಿಫಿಕೇಟ್ ಕೊಡಲಾರದು.

ಈ ಕಾರಣಕ್ಕೇ ಕಾರ್ಬನ್ ಮೇಲೆ ನಾನು ಪಾರದರ್ಶಕ ಫಿಲ್ಮ್ ಬಿಟ್ಟು ಬೇರೆ ಏನನ್ನೂ ಕಾಯಂ ಆಗಿ ಅಂಟಿಸಲು ಹೇಳುವುದಿಲ್ಲ. ಕಪ್ಪು ಟೇಪಿನ ಕೆಳಗೆ ಬಿರುಕು ಬೆಳೆದರೆ ಗೊತ್ತಾಗುವುದು ಬಿದ್ದ ಮೇಲೆ. ಚೈನ್‌ಸ್ಟೇ ಹೊದಿಕೆಯನ್ನೂ ವರ್ಷಕ್ಕೊಮ್ಮೆ ತೆಗೆದು ನೋಡಿ ಹೊಸದು ಹಾಕಿ. ಕೇಬಲ್ ಉಜ್ಜುವ ಕಡೆ ಅಲ್ಯೂಮಿನಿಯಂನಲ್ಲಿ ಬಣ್ಣ ಹೋದರೆ ಅಂದ ಹೋಯಿತು ಅಷ್ಟೇ. ಕಾರ್ಬನ್ನಿನಲ್ಲಿ ಬಣ್ಣ ದಾಟಿ ನೂಲಿಗೆ ಇಳಿದರೆ ಹೋಗುವುದು ಬಲ.

ಕೊನೆಗೆ ಸಾಗಾಟ. ಸಕಲೇಶಪುರಕ್ಕೋ ಕೊಡಗಿಗೋ ಟೆಂಪೋದಲ್ಲಿ ನಾಲ್ಕು ಸೈಕಲ್ ಒಂದರ ಮೇಲೊಂದು ಒರಗಿಸಿ ಒಯ್ಯುವಾಗ ಆಗುವ ಗಾಯ ಎಷ್ಟೋ ಸಲ ಇಡೀ ರೈಡಿನಲ್ಲಿ ಆಗುವುದಿಲ್ಲ. ಇನ್ನೊಬ್ಬರ ಪೆಡಲ್ ನಿಮ್ಮ ಫ್ರೇಮಿನ ಮೇಲಿನ ಪೈಪಿಗೆ, ಅಂದರೆ ಟಾಪ್ ಟ್ಯೂಬಿಗೆ, ಆರು ಗಂಟೆ ಕುಟ್ಟುತ್ತಾ ಬರುತ್ತದೆ. ಏಸಿ ಪೈಪಿಗೆ ಹಾಕುವ ಕಪ್ಪು ಫೋಮ್ ಕೊಳವೆಯನ್ನು ಉದ್ದಕ್ಕೆ ಸೀಳಿ ಪೈಪುಗಳಿಗೆ ತೊಡಿಸಿದರೆ ಸಾಕು. ಪೆಡಲ್ ಬಿಚ್ಚಿಟ್ಟರೆ ಇನ್ನೂ ವಾಸಿ. ಊರು ತಲುಪಿದ ಮೇಲೆ ಎಲ್ಲ ತೆಗೆದುಬಿಡಿ, ಇದು ಓಡಿಸುವಾಗ ಹಾಕುವ ಅಂಗಿ ಅಲ್ಲ.

ಫೋಮ್ ಜಾರದಂತೆ ಹಿಡಿಯಲು ರಬ್ಬರ್ ಬ್ಯಾಂಡ್ ಬೇಕಲ್ಲ. ನನ್ನ ಆ ಹಳೇ ಟ್ಯೂಬನ್ನು ಬಿಸಾಡಿರಲಿಲ್ಲ. ಎರಡು ಬೆರಳಗಲದ ಉಂಗುರಗಳಾಗಿ ಕತ್ತರಿಸಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಈಗ ಅವು ಫೋಮಿನ ಮೇಲೆ ಕೂರುತ್ತವೆ, ಬಣ್ಣಕ್ಕೆ ತಾಗುವುದಿಲ್ಲ.